ಪಕ್ಷಿನಾಮ ಮತ್ತು ಹುಸಿ ನಿಷ್ಪತ್ತಿ

ಸಮಾಸವನ್ನು ಬಿಡಿಸಿದೊಡನೆ ಅದರ ಅರ್ಥ ಕೈಗೆ ಸಿಕ್ಕಿತೆಂದು ಭಾವಿಸುವುದು ಸರಿಯಲ್ಲ. ಇದಕ್ಕೆ ಇಂಗ್ಲಿಷಿನ ‘ವೀಟಿಯರ್’ ಎಂಬ ಪಕ್ಷಿನಾಮ ಒಳ್ಳೆಯ ನಿದರ್ಶನ. ಇಂದಿನ ರೂಪವನ್ನು ‘ವೀಟ್’, ‘ಇಯರ್’ ಎಂದು ಬಿಡಿಸಿದರೆ ‘ಗೋಧಿಯ ತೆನೆ’ ಎಂದಾಗುತ್ತದೆ. ಆದರೆ ಮುಖ್ಯವಾಗಿ ಕೀಟಗಳನ್ನು ತಿಂದು ಬದುಕುವ ಈ ಹಕ್ಕಿಗೂ ಗೋಧಿಗೂ ಸಂಬಂಧವಿಲ್ಲ. ಹಾರುವಾಗ ಅದರಲ್ಲಿ ಎದ್ದು ಕಾಣುವುದು ಬಾಲದ ಬುಡದ ಬಿಳುಪು. ಆದ್ದರಿಂದ ‘ಬಿಳಿ’ ಹಾಗೂ ‘ಪೃಷ್ಠ’ ಎಂಬರ್ಥದ ಪದಗಳು ಕೂಡಿ ಈ ಹೆಸರು ಹುಟ್ಟಿತೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ನಿಲುವು. ಇದೇ ಅರ್ಥದ ಹೆಸರು ಫ್ರೆಂಚಿನಲ್ಲಿಯೂ ಇರುವುದು ಈ ನಿಲುವಿಗೆ ಪೋಷಕವಾಗಿದೆ. 16ನೆಯ ಶತಮಾನದಲ್ಲಿ ಕಾಣುವ ‘ವೀಟಿಯರ್ಸ್’ ರೂಪದ ಕೊನೆಯ ಸಕಾರವನ್ನು ಬಹುವಚನ ಪ್ರತ್ಯಯವೆಂದು ತಪ್ಪಾಗಿ ಗ್ರಹಿಸಿದ್ದರಿಂದ ಇಂದಿನ ಏಕವಚನ ರೂಪುಗೊಂಡಿತು. ‘ಪೀಸ್’ ಎಂಬ ಹಳೆಯ ಏಕವಚನದಿಂದ ಬಟಾಣಿಯ ‘ಪೀ’ ಹುಟ್ಟಿದ್ದೂ ಹೀಗೆಯೇ.

‘ರೆಡ್‌ಸ್ಟಾರ್ಟ್’ ಎಂಬ ಹೆಸರಿನ ಉತ್ತರಪದವೂ ‘ಆರಂಭ’ವಲ್ಲ, ಬಾಲವೆಂಬರ್ಥದ ಪ್ರಾಚೀನ ಇಂಗ್ಲಿಷ್ ಪದದ ಉಳಿಕೆ. ಜರ್ಮನ್ ಭಾಷೆಯಲ್ಲಿ ಈ ಹಕ್ಕಿಗೆ ‘ಕೆಂಬಾಲ’ವೆಂದೇ ಹೆಸರು.

ಇದು ಇಂಗ್ಲಿಷಿಗಷ್ಟೇ ಸೀಮಿತವಾದ ಕುತೂಹಲವಲ್ಲ. ಕಪ್ಪು ರೆಡ್‌ಸ್ಟಾರ್ಟ್ ಚಳಿಗಾಲದಲ್ಲಿ ಕರ್ನಾಟಕಕ್ಕೂ ವಲಸೆ ಬರುತ್ತದೆ. ಇಂತಹ ಹಕ್ಕಿಗಳಿಗೆ ಕನ್ನಡದಲ್ಲಿ ಹೆಸರು ಕೊಡುವವರು ಇಂಗ್ಲಿಷ್ ಪದದ ಇಂದಿನ ರೂಪವನ್ನೇ ನಂಬಿ ಅನುವಾದಿಸಿದರೆ, ಪರಭಾಷೆಯ ತಪ್ಪು ಗ್ರಹಿಕೆಯೊಂದು ನಮ್ಮ ನಿಘಂಟಿನಲ್ಲಿ ಶಾಶ್ವತವಾಗಿ ನೆಲೆಸುತ್ತದೆ. ಪದದ ಚರಿತ್ರೆಯನ್ನೂ ಹಕ್ಕಿಯ ಲಕ್ಷಣವನ್ನೂ ಜೊತೆಯಾಗಿ ಪರಿಶೀಲಿಸಿದ ಬಳಿಕವೇ ಹೆಸರನ್ನು ನಿರ್ಧರಿಸುವುದು ಉಚಿತ. ಎರಡೂ ಒಂದನ್ನೊಂದು ಸಮರ್ಥಿಸಿದಾಗ ಮಾತ್ರ ನಿಷ್ಪತ್ತಿ ವಿಶ್ವಾಸಾರ್ಹವೆನಿಸುತ್ತದೆ.