ಚಿತ್ರಕಲೆಯೂ ಬಿಸುಕಣಿಯೂ

ಹಣ್ಣು, ಹೂ, ಪಾತ್ರೆಗಳನ್ನು ಮುಂದಿಟ್ಟುಕೊಂಡು ಬರೆಯುವ ಚಿತ್ರವನ್ನು ನಾವು ವಸ್ತುಚಿತ್ರವೆನ್ನುತ್ತೇವೆ. ಫ್ರೆಂಚರು ಅದನ್ನು 'ನಿರ್ಜೀವ ಪ್ರಕೃತಿ' ಎಂದು ಕರೆಯುವರು. ಆದರೆ ಈ ಬಗೆಯ ಚಿತ್ರವು ಕೇವಲ ನೆರಳು ಬೆಳಕುಗಳ ಅಭ್ಯಾಸಕ್ಕೆಂದು ಹುಟ್ಟಿದುದಲ್ಲ. 17ನೆಯ ಶತಮಾನದ ಹಾಲೆಂಡಿನ ಚಿತ್ರಗಾರರು ಆರಿದ ಮೇಣದಬತ್ತಿಯನ್ನೂ, ಬಾಡುವ ಹೂವನ್ನೂ, ತಲೆಬುರುಡೆಯನ್ನೂ ಒಂದೇ ಮೇಜಿನ ಮೇಲಿಟ್ಟು ಬರೆದು, ಐಹಿಕ ಸುಖವು ಅಸ್ಥಿರವೆಂದು ಸೂಚಿಸಿದರು.

ಮಂಗಳೂರಿನವರು ಇಂಥ ಸಂಕೇತಗಳಿಗಾಗಿ ದೂರ ಹೋಗಬೇಕಾಗಿಲ್ಲ. ಬಾವುಟಗುಡ್ಡದ ಸಂತ ಅಲೋಶಿಯಸ್ ಪ್ರಾರ್ಥನಾಮಂದಿರವನ್ನು ಇಟಲಿಯ ಜೆಸುಯಿಟ್ ಸಹೋದರ ಆಂಟೋನಿಯೊ ಮೊಸ್ಕೇನಿಯವರು 1899ರಿಂದ 1901ರ ವರೆಗೆ ಚಿತ್ರಗಳಿಂದ ತುಂಬಿದರು. ಕ್ರೈಸ್ತ ಚಿತ್ರಸಂಪ್ರದಾಯದಲ್ಲಿ ಆ ಸಂತರ ಕೈಯ ಬಿಳಿಯ ಲಿಲ್ಲಿ ಹೂವು ಶುಚಿತ್ವದ ಕುರುಹು. ಕೆಳಗಿಟ್ಟ ಕಿರೀಟವು ತ್ಯಜಿಸಿದ ಸಿರಿತನದ ಕುರುಹು. ಅರಿತವರಿಗೆ ಅದು ಲಿಪಿ. ಅರಿಯದವರಿಗೆ ಬರಿಯ ಹೂವು.

ನಮ್ಮ ತುಳುನಾಡಿನ ಮನೆಗಳಲ್ಲಿಯೂ ಇಂಥ ಲಿಪಿಯೊಂದು ಬಹುಕಾಲದಿಂದ ಬಳಕೆಯಲ್ಲಿದೆ. ಏಪ್ರಿಲ್ ನಡುವಿನಲ್ಲಿ ಬರುವ ಬಿಸುಹಬ್ಬದ ಮುಂಜಾನೆ ಕಣ್ದೆರೆದೊಡನೆ ನೋಡುವ ಕಣಿಯನ್ನು ನೆನೆಯಿರಿ: ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಗೇರುಹಣ್ಣು, ವೀಳ್ಯದೆಲೆ, ಅಡಕೆ, ಬಂಗಾರ, ಕನ್ನಡಿ. ಬಂದ ಬೆಳೆಗೆ ಕೃತಜ್ಞತೆಯೂ ಮುಂಬರುವ ವರ್ಷದ ಹಾರೈಕೆಯೂ ಒಂದೇ ಹರಿವಾಣದಲ್ಲಿ ಅಡಗಿವೆ. ಕನ್ನಡಿಯು ನೋಡುವವನನ್ನೂ ಆ ಸಿರಿಯೊಳಗೆ ಸೇರಿಸುತ್ತದೆ. ಹಿಂಗಾರವು ತೋಟದಲ್ಲಿರುವಾಗ ಅಡಕೆಯ ಹೂಗೊಂಚಲು. ನಾಗದರ್ಶನದ ಪಾತ್ರಿಯ ಕೈಸೇರಿದಾಗ ದೈವಸಾನ್ನಿಧ್ಯದ ಗುರುತು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವಾದ ಪಡೆದು ಕ್ರೈಸ್ತರ ಮನೆಗಳಿಗೆ ಬರುವ ಹೊಸ ತೆನೆಯೂ ಅಂಥದೇ. ಇವುಗಳನ್ನು ನಿರ್ಜೀವವೆನ್ನುವವರಾರು?

ನಾಡಿನ ಪ್ರಕೃತಿಯನ್ನೂ ಸಂಸ್ಕೃತಿಯನ್ನೂ ವಸ್ತುಚಿತ್ರದಲ್ಲಿ ತರಬಯಸುವ ತರುಣ ಚಿತ್ರಗಾರರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಹಿಂಗಾರವನ್ನು ಅಂದಕ್ಕಾಗಿ ಮಾತ್ರ ಬರೆದರೆ ಅದು ಅಲಂಕಾರವಾಗುವುದು, ಅದನ್ನು ಯಾರು, ಯಾವ ಹೊತ್ತಿನಲ್ಲಿ, ಏತಕ್ಕಾಗಿ ಕೈಗೆತ್ತಿಕೊಳ್ಳುವರೆಂಬುದನ್ನು ತಿಳಿದು ಬರೆದರೆ ಸಂಕೇತವಾಗುವುದು.

ಆದರೆ ಹೊಣೆಯು ಚಿತ್ರಗಾರರದೊಂದೇ ಅಲ್ಲ. ಹಿರಿಯರು ಕಣಿಯ ಅರ್ಥವನ್ನು ಹೇಳಿಕೊಡದ ಮನೆಯಲ್ಲಿ ಬೆಳೆದ ಮಗುವಿಗೆ ನಾಳೆ ಎಂಥ ಉತ್ತಮ ಕಣಿಚಿತ್ರವೂ ಬರಿಯ ಸೌತೆಕಾಯಿ ತೆಂಗಿನಕಾಯಿಗಳ ಚಿತ್ರವಾಗಿಯೇ ಉಳಿಯುವುದು. ನೋಡುವವರಿಲ್ಲದ ಸಂಕೇತವು ಎಷ್ಟು ಕಾಲ ಬಾಳೀತು? ಆದುದರಿಂದ ಗೃಹಸ್ಥರು ಮುಂದಿನ ಬಿಸುವಿಗೆ ಕಣಿಯಿಡುವಾಗ ಮಕ್ಕಳನ್ನು ಬಳಿಗೆ ಕರೆದು, ಒಂದೊಂದು ವಸ್ತುವೂ ಅಲ್ಲಿ ಏಕಿದೆಯೆಂದು ತಿಳಿಯಹೇಳಲಿ. ಬಳಿಕ ಬಣ್ಣದ ಪೆಟ್ಟಿಗೆಯನ್ನು ಅವರ ಕೈಗೆ ಕೊಡಲಿ.