ಹೆಲ್ಮೆಟ್ ಎಳೀಬ್ಯಾಡ್ರಿ, ತಲೆ ಹಿಡೀರಿ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಲೆದರ್ ಬಾಲ್ ಮ್ಯಾಚಿನಲ್ಲಿ ಯಾರಾದರೂ ಪೆಟ್ಟು ತಿಂದು ಬಿದ್ದರೆ ನಾವು ಮೊದಲು ಹೆಲ್ಮೆಟ್ ಎಳೆಯುತ್ತೇವೆ, ಆಮೇಲೆ ‘ಏನೂ ಆಗಿಲ್ಲ, ಏಳಲೇ’ ಅಂತೇವೆ. ಎರಡೂ ಬ್ಯಾಡ. 2014ರಲ್ಲಿ ಸಿಡ್ನಿಯಲ್ಲಿ ಫಿಲಿಪ್ ಹ್ಯೂಸ್ ಹೆಲ್ಮೆಟ್ ಹಾಕಿದ್ದರು. ಚೆಂಡು ಬಡಿದಿದ್ದು ಅದರ ಕೆಳಗೆ, ಕುತ್ತಿಗೆಗೆ. ಎರಡು ದಿನದಲ್ಲಿ ಹೋಗಿಬಿಟ್ಟರು.

ಮೊದಲು ಉಸಿರಾಟ ನೋಡ್ರಿ. ಸರಿಯಿದ್ದರೆ ಒಬ್ಬರು ತಲೆ ಅಲುಗದಂತೆ ಎರಡೂ ಕೈಯಿಂದ ಹಿಡೀರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡ್ರಿ. ಕುತ್ತಿಗೆ ನೋಯುತ್ತದೇನು, ಕೈಕಾಲು ಜುಮ್ಮೆನ್ನುತ್ತವೇನು, ಬೆರಳು ಆಡುತ್ತವೇನು ಎಂದು ಕೇಳ್ರಿ. ಕುತ್ತಿಗೆ ಮಾತ್ರ ತಿರುಗಿಸಿ ನೋಡಬ್ಯಾಡ್ರಿ. ಉಸಿರಿಗೆ ಅಡ್ಡಿಯಾದರೆ ಮಾತ್ರ ಹೆಲ್ಮೆಟ್ ತೆಗೀಬೇಕು: ಒಬ್ಬರು ಕುತ್ತಿಗೆ ಹಿಡಿದು, ಇನ್ನೊಬ್ಬರು ಮೆಲ್ಲಗೆ ಜಾರಿಸಿ.

ಮೂಳೆ ಮುರಿದಿದೆಯೋ ಇಲ್ಲವೋ ಹೇಳುವುದು ಸಿಟಿ ಸ್ಕ್ಯಾನ್. ಕಲಬುರಗಿ ದೂರವೆಂದು ಬೈಕಿನ ನಡುವೆ ಕೂಡಿಸಿಕೊಂಡು ಹೊರಡಬ್ಯಾಡ್ರಿ.