ಹೆಸರು ಕೆತ್ತುವ ಮೊದಲು

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ, ನಾನು ಕಾಫಿ ಮುಗಿಸಿ ಪತ್ರಿಕೆ ಬಿಚ್ಚುವ ಹೊತ್ತಿಗೆ ಸರಿಯಾಗಿ, ಮೂವರು ಮಹನೀಯರು ನಮ್ಮ ಮನೆಗೆ ದಯಮಾಡಿಸಿದರು. ಹಳೆಯ ಪದವೀಧರರ ಒಂದು ಮಂಡಲಿಯವರು ಅವರು. ಮಂಡಲಿಯ ಹೆಸರು ಇಲ್ಲಿ ಬೇಡ. ಇಂಥವು ನಾಡಿನಲ್ಲಿ ಹತ್ತಾರಿವೆ, ಎಲ್ಲವುಗಳ ಉತ್ಸಾಹವೂ ಒಂದೇ ಬಗೆಯದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಹೆಸರಾದವರ ನಾಮಾವಳಿಯನ್ನು ಕರಿಯ ಕಲ್ಲಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಕೆತ್ತಿಸಬೇಕೆಂಬುದು ಅವರ ಸಂಕಲ್ಪ. ನಾನೂ ಆ ವಿಶ್ವವಿದ್ಯಾನಿಲಯದ ಪದವಿ ಪಡೆದವನು, ಮೂವತ್ತು ವರ್ಷಕ್ಕೂ ಮಿಗಿಲಾಗಿ ಪಾಠ ಹೇಳಿ ನಿವೃತ್ತನಾದವನು. ಆದುದರಿಂದ ವಂತಿಗೆ ಕೊಡಬೇಕು.

"ಪಟ್ಟಿ ನೋಡಿ ಸಾರ್, ಮೈ ಜುಮ್ಮೆನ್ನುತ್ತೆ," ಎಂದರು ಅವರಲ್ಲಿ ಹಿರಿಯರು.

ನೋಡಿದೆ. ಮೈ ಜುಮ್ಮೆಂದದ್ದು ನಿಜ. ಕುವೆಂಪು, ಆರ್. ಕೆ. ನಾರಾಯಣ್, ಎಂ. ಎನ್. ಶ್ರೀನಿವಾಸ್, ಸಿ. ಎನ್. ಆರ್. ರಾವ್, ಎಸ್. ಎಲ್. ಭೈರಪ್ಪ—ಇವರನ್ನು ತನ್ನವರೆನ್ನಲು ಯಾವ ವಿಶ್ವವಿದ್ಯಾನಿಲಯಕ್ಕೆ ತಾನೇ ಆಸೆಯಾಗದು? ಆದರೂ ನಾನು ವಂತಿಗೆ ಕೊಡಲಿಲ್ಲ. ಮಹನೀಯರು ಮುನಿಸಿಕೊಂಡು, ಕಾಫಿಯನ್ನೂ ಅರ್ಧಕ್ಕೆ ಬಿಟ್ಟು ಹೊರಟುಹೋದರು. ಅವರಿಗೆ ಹೇಳಲಾಗದೆ ಉಳಿದುದನ್ನು ಈಗ ವಾಚಕರ ಮುಂದಿಡುತ್ತಿದ್ದೇನೆ. ನನ್ನದು ಜಿಪುಣತನವೋ ನ್ಯಾಯವೋ ವಾಚಕರೇ ತೀರ್ಮಾನಿಸಲಿ.

ನನ್ನ ವಾದ ಸರಳವಾದುದು. ಇಂಥ ಪಟ್ಟಿಗಳು ಕೀರ್ತಿಯನ್ನು ಜಮಾ ಹಾಕಿಕೊಳ್ಳುತ್ತವೆ, ಋಣವನ್ನು ಮಾತ್ರ ಬರೆದುಕೊಳ್ಳುವುದಿಲ್ಲ. ಜಮಾ ಮಾತ್ರ ಇದ್ದು ಖರ್ಚೇ ಇಲ್ಲದ ಲೆಕ್ಕವನ್ನು ಹಳ್ಳಿಯ ಶಾನುಭೋಗರೂ ಒಪ್ಪುತ್ತಿರಲಿಲ್ಲ. ವಿದ್ಯಾವಂತರಾದ ನಾವು ಒಪ್ಪಬಹುದೆ?

ಮೊದಲು ನಾರಾಯಣ್ ಅವರನ್ನೇ ತೆಗೆದುಕೊಳ್ಳೋಣ. ಅವರ ತಂದೆ ಮೈಸೂರಿನ ಮಹಾರಾಜಾ ಹೈಸ್ಕೂಲಿನ ಹೆಡ್‌ಮಾಸ್ಟರು. ಆ ಹೆಡ್‌ಮಾಸ್ಟರ ಮಗ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದರು, ಅದೂ ಇಂಗ್ಲಿಷಿನಲ್ಲಿ! ಮುಂದೆ ಇಂಗ್ಲಿಷಿನಲ್ಲೇ ಬರೆದು ಜಗತ್ತಿಗೆಲ್ಲ ಮಾಲ್ಗುಡಿಯನ್ನು ತೋರಿಸಿದವರು ಅವರೇ. ನಪಾಸಾದ ಮೇಲೆ ಸಿಕ್ಕ ಬಿಡುವಿನಲ್ಲಿ ಪುಸ್ತಕ ಹಿಡಿದು ಕುಕ್ಕರಹಳ್ಳಿ ಕೆರೆಯ ಕಡೆ ಹೋಗಿ ಓದಿಕೊಂಡುದನ್ನು ತಮ್ಮ ಆತ್ಮಕಥೆಯಲ್ಲಿ ಬಹಳ ಸಂತೋಷದಿಂದ ನೆನೆದಿದ್ದಾರೆ. ಕೊನೆಗೆ ೧೯೩೦ರಲ್ಲಿ ಬಿ.ಎ. ಆಯಿತು, ೧೯೩೫ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹೊರಬಂತು. ಇಲ್ಲಿ ವಿಶ್ವವಿದ್ಯಾನಿಲಯದ ಪಾಲೆಷ್ಟು, ಕೆರೆಯ ಪಾಲೆಷ್ಟು? ನಾರಾಯಣ್ ನಮ್ಮವರೆಂದು ಕೆತ್ತುವುದಾದರೆ, ಅವರನ್ನು ನಪಾಸು ಮಾಡಿದವರೂ ನಾವೇ ಎಂದು ಕೆಳಗೆ ಸಣ್ಣಕ್ಷರದಲ್ಲಾದರೂ ಕೆತ್ತುವ ಧೈರ್ಯ ನಮಗಿದೆಯೆ?

ಇನ್ನು ಸಿ. ಎನ್. ಆರ್. ರಾಯರು. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ೧೯೫೧ರಲ್ಲಿ ಬಿ.ಎಸ್‌ಸಿ. ಮಾಡಿದಾಗ ಆ ಕಾಲೇಜು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಕಾಲೇಜು ಅತ್ತ ಹೋಯಿತು. ರಾಯರ ಎಂ.ಎಸ್‌ಸಿ. ಕಾಶಿಯದು, ಡಾಕ್ಟರೇಟು ಅಮೆರಿಕದ ಪರ್ಡ್ಯೂದು. ಭಾರತರತ್ನ ಬಂದ ಮೇಲೆ ಅವರನ್ನು ತನ್ನವರೆನ್ನಲು ಎಷ್ಟು ಪಟ್ಟಿಗಳು ಬಾಯಿ ತೆರೆದು ನಿಂತಿವೆಯೋ ದೇವರೇ ಬಲ್ಲ. ಪ್ರತಿಯೊಂದೂ ಸತ್ಯವನ್ನೇ ಹೇಳುತ್ತದೆ. ಪೂರ್ಣ ಸತ್ಯವನ್ನು ಒಂದೂ ಹೇಳುವುದಿಲ್ಲ.

ಎಂ. ಎನ್. ಶ್ರೀನಿವಾಸರು ಮೈಸೂರಿನಲ್ಲಿ ಹುಟ್ಟಿದ್ದು ೧೯೧೬ರಲ್ಲಿ. ವಿಶ್ವವಿದ್ಯಾನಿಲಯವೂ ಹುಟ್ಟಿದ್ದು ಅದೇ ವರ್ಷ. ಅವರು ಮೈಸೂರಿನಿಂದ ಮುಂಬಯಿಗೂ ಅಲ್ಲಿಂದ ಆಕ್ಸ್‌ಫರ್ಡಿಗೂ ಹೋಗಿ ದೊಡ್ಡ ಸಮಾಜಶಾಸ್ತ್ರಜ್ಞರಾದರು. ಆದರೆ ಅವರಿಗೆ ವಸ್ತು ದೊರೆತದ್ದು ಮೈಸೂರಿನ ಸಮೀಪದ, ಅವರು ರಾಂಪುರವೆಂದು ಕರೆದ ಒಂದು ಹಳ್ಳಿಯಲ್ಲಿ. ೧೯೭೦ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರು ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ಆಗ ನೆನಪಿನಿಂದಲೇ ಆ ಹಳ್ಳಿಯ ಕುರಿತು ಪುಸ್ತಕ ಬರೆದರು. ನೆನಪಿನಿಂದ ಒಂದು ಪುಸ್ತಕವಾಗಬೇಕಾದರೆ ಆ ಹಳ್ಳಿಯ ಜನ ಎಷ್ಟು ಹೇಳಿರಬೇಕು, ಎಷ್ಟು ತೋರಿಸಿರಬೇಕು! ಕಲ್ಲಿನ ಮೇಲೆ ಆ ಹಳ್ಳಿಗೆ ಜಾಗವಿಲ್ಲ.

ಹಾಗಾದರೆ ವಿಶ್ವವಿದ್ಯಾನಿಲಯ ಏನೂ ಮಾಡಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಮಾಡಿದೆ, ಬೇಕಾದಷ್ಟು ಮಾಡಿದೆ. ನನ್ನ ಜಗಳವಿರುವುದು ಅದು ಮಾಡಿದುದನ್ನು ಬಿಟ್ಟು ಮಾಡದೆ ಇದ್ದುದನ್ನು ಕೊಂಡಾಡುವವರ ಸಂಗಡ.

ಕುವೆಂಪು ಅವರ ವಿಷಯವನ್ನು ನೋಡಿ. ಮಲೆನಾಡಿನಿಂದ ಬಂದ ಆ ತರುಣರು ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸುವ ಹೊತ್ತಿಗೆ ವಿಶ್ವವಿದ್ಯಾನಿಲಯ ಕನ್ನಡ ಎಂ.ಎ. ತರಗತಿಯನ್ನು ತೆರೆದಿತ್ತು; ೧೯೨೯ರಲ್ಲಿ ಅವರು ಅದರ ಪದವಿ ಪಡೆದರು. ಆ ತರಗತಿಯಲ್ಲಿ ಪಾಠ ಹೇಳಿದವರು ಟಿ. ಎಸ್. ವೆಂಕಣ್ಣಯ್ಯನವರು. ವೆಂಕಣ್ಣಯ್ಯನವರು ೧೯೩೯ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, ೧೯೪೯ರಲ್ಲಿ, ‘ಶ್ರೀ ರಾಮಾಯಣ ದರ್ಶನಂ’ ಅಚ್ಚಾದಾಗ ಶಿಷ್ಯರು ಅದನ್ನು ಅರ್ಪಿಸಿದ್ದು ಯಾವ ಮಹಾರಾಜರಿಗೂ ಅಲ್ಲ, ಯಾವ ಸಂಸ್ಥೆಗೂ ಅಲ್ಲ. ತೀರಿಹೋಗಿದ್ದ ಆ ಮೇಷ್ಟರಿಗೆ. ಆ ಕಾವ್ಯಕ್ಕೆ ಮುಂದೆ ಜ್ಞಾನಪೀಠ ಬಂತು. ಕವಿಗಳು ತಮ್ಮ ಋಣವನ್ನು ಮೊದಲ ಪುಟಗಳಲ್ಲೇ ಬರೆದಿಟ್ಟರು. ನಮ್ಮ ಮಹನೀಯರ ಪಟ್ಟಿಯಲ್ಲಿ ಜ್ಞಾನಪೀಠವಿತ್ತು, ವೆಂಕಣ್ಣಯ್ಯನವರ ಹೆಸರಿರಲಿಲ್ಲ. ನಾನು ಕೇಳಿದಾಗ, "ಅವರು ಅಷ್ಟು ಫೇಮಸ್ ಅಲ್ವಲ್ಲ ಸಾರ್," ಎಂದರು. ವಂತಿಗೆ ಕೊಡಬಾರದೆಂದು ನಾನು ನಿಶ್ಚಯಿಸಿದ್ದು ಆ ಘಳಿಗೆಯಲ್ಲಿ.

ವಿಶ್ವವಿದ್ಯಾನಿಲಯ ಒಬ್ಬ ಕವಿಯನ್ನು ಸೃಷ್ಟಿಸಲಾರದು. ಆದರೆ ಕನ್ನಡಕ್ಕೆ ಎಂ.ಎ. ಏಕೆ ಎನ್ನಬಹುದಾಗಿದ್ದ ಕಾಲದಲ್ಲಿ ಒಂದು ತರಗತಿ ತೆರೆಯಬಲ್ಲದು. ಅಲ್ಲಿ ಒಬ್ಬ ಒಳ್ಳೆಯ ಮೇಷ್ಟರನ್ನು ಕೂರಿಸಬಲ್ಲದು. ಬಡವರ ಮಕ್ಕಳಿಗೂ ಬಾಗಿಲು ತೆರೆದಿಡಬಲ್ಲದು. ಆ ಬಾಗಿಲವರೆಗೆ ಬರುವುದೇ ಕೆಲವರಿಗೆ ಎಷ್ಟು ಕಷ್ಟವಾಗಿತ್ತೆಂಬುದು ಭೈರಪ್ಪನವರ ‘ಭಿತ್ತಿ’ಯನ್ನು ಓದಿದವರಿಗೆ ಗೊತ್ತು. ಹೊಟ್ಟೆಗಿಲ್ಲದ ಹುಡುಗ ತತ್ತ್ವಶಾಸ್ತ್ರ ಓದಲು ಬಂದರೆ, ನಿನಗೇಕಪ್ಪ ಇದು ಎನ್ನದೆ ಸೇರಿಸಿಕೊಳ್ಳುವುದು—ಇದೇ ಸರ್ಕಾರಿ ವಿಶ್ವವಿದ್ಯಾನಿಲಯದ ಧರ್ಮ.

೧೯೧೬ಕ್ಕಿಂತ ಮುಂಚೆ ನಮ್ಮ ಹುಡುಗರು ಮೈಸೂರಿನಲ್ಲಿ ಓದಿ ಮದ್ರಾಸಿನ ವಿಶ್ವವಿದ್ಯಾನಿಲಯದ ಪದವಿ ಪಡೆಯಬೇಕಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ದೇಶೀಯ ಸಂಸ್ಥಾನವೊಂದು ತನ್ನದೇ ವಿಶ್ವವಿದ್ಯಾನಿಲಯವನ್ನು ತೆರೆಯಿತು. ಹಾಗೆ ತೆರೆದವರು ನೂರು ವರ್ಷದ ಮೇಲೆ ಕಲ್ಲಿನಲ್ಲಿ ಕೆತ್ತಲು ಇಪ್ಪತ್ತು ಹೆಸರು ಸಿಗಲಿ ಎಂದು ತೆರೆಯಲಿಲ್ಲ. ನಾಡಿಗೆ ಮೇಷ್ಟರು, ಡಾಕ್ಟರು, ಎಂಜಿನಿಯರು, ಅಮಲ್ದಾರರು ಬೇಕಾಗಿದ್ದರು. ಅದೇ ವಿಶ್ವವಿದ್ಯಾನಿಲಯ ೧೯೪೬ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರತಂದಿತು. ಅದರ ಪ್ರಾಧ್ಯಾಪಕರು ಹಳ್ಳಿಹಳ್ಳಿಗೆ ಹೋಗಿ ಪ್ರಚಾರೋಪನ್ಯಾಸ ಕೊಟ್ಟರು. ಆ ಉಪನ್ಯಾಸಗಳನ್ನು ಅಚ್ಚು ಹಾಕಿಸಿ ಅಗ್ಗದ ಬೆಲೆಗೆ ಮಾರಿದರು.

ಅಂಥ ಒಂದು ಸಣ್ಣ ಪುಸ್ತಕವೇ ನನ್ನನ್ನು ಓದಿನ ಹಾದಿಗೆ ಎಳೆದದ್ದು. ೧೯೬೦ರ ದಶಕ, ನಾನಿದ್ದದ್ದು ಒಂದು ಸಣ್ಣ ತಾಲ್ಲೂಕು ಊರು. ನಮ್ಮ ವಿಜ್ಞಾನದ ಮೇಷ್ಟರು ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಅವರಿಗಿದ್ದದ್ದು ಎರಡು ಕೋಟು. ಎರಡರ ಮೊಣಕೈಗೂ ತೇಪೆ. ಮಳೆ ಹಿಡಿದು ಅರ್ಧ ತರಗತಿ ಬಾರದ ದಿನ ಕೈಚೀಲದಿಂದ ಆ ಪುಸ್ತಕ ತೆಗೆದು, ಗ್ರಹಣವೆಂದರೆ ಏನೆಂಬುದನ್ನು ಕನ್ನಡದಲ್ಲಿ, ನಮಗೆ ತಿಳಿಯುವಂತೆ ಓದಿ ಹೇಳುತ್ತಿದ್ದರು. ನನ್ನ ಅಕ್ಕ ಎಸ್.ಎಸ್.ಎಲ್.ಸಿ.ಗೆ ಬಂದಾಗ ಅಪ್ಪ ಓದು ಬಿಡಿಸಲು ಹೊರಟಿದ್ದರು. ಮೇಷ್ಟರು ಮೂರು ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಬಂದು ಕುಳಿತರು.

"ಹೆಣ್ಣುಮಗು, ಇಷ್ಟು ಓದಿದ್ದು ಸಾಕು ಮೇಷ್ಟರೆ," ಎಂದರು ಅಪ್ಪ.

"ಸಾಕು ಅನ್ನೋಕೆ ನಾವು ಯಾರು ರಾಯರೆ? ಪರೀಕ್ಷೆಗೆ ಕಟ್ಟಲಿ, ಆಮೇಲೆ ನೋಡೋಣ."

ಫೀಜಿನಲ್ಲಿ ಅರ್ಧವನ್ನು ಅವರೇ ಕಟ್ಟಿದರೆಂಬುದು ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಕ್ಕ ಮುಂದೆ ಉಪಾಧ್ಯಾಯಿನಿಯಾದಳು; ಅವಳ ಕೈಯಲ್ಲಿ ಓದಿದ ಮಕ್ಕಳು ಇಂದು ಆಸ್ಪತ್ರೆಗಳಲ್ಲಿದ್ದಾರೆ, ಬ್ಯಾಂಕುಗಳಲ್ಲಿದ್ದಾರೆ. ಆ ಮೇಷ್ಟರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ, ಬರುವುದೂ ಇಲ್ಲ. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಗಣ್ಯ ಪದವೀಧರರು ಯಾರೆಂದು ನನ್ನನ್ನು ಕೇಳಿದರೆ ಮೊದಲು ಅವರ ತೇಪೆಯ ಕೋಟೇ ನೆನಪಿಗೆ ಬರುತ್ತದೆ. ಅವರಂಥವರು ಒಬ್ಬರಲ್ಲ, ಇಬ್ಬರಲ್ಲ. ತಾಲ್ಲೂಕಿಗೆ ಹತ್ತು ಮಂದಿ ಇದ್ದರು.

ದೊಡ್ಡವರ ಹೆಸರು ಕಂಡರೆ ಹುಡುಗರಿಗೆ ಸ್ಫೂರ್ತಿ ಬರುವುದಿಲ್ಲವೆ ಎಂಬುದು ಮಂಡಲಿಯವರ ಇನ್ನೊಂದು ವಾದ. ಬರಬಹುದು. ಆದರೆ ಬರಿಯ ಹೆಸರಿನಿಂದ ಬರುವ ಸ್ಫೂರ್ತಿ ಭಾವಚಿತ್ರಕ್ಕೆ ಕೈಮುಗಿದಷ್ಟೇ ಹೊತ್ತು ಇರುತ್ತದೆ. ನಪಾಸಾದ ಹುಡುಗನಿಗೆ ನಾರಾಯಣ್ ಅವರ ಹೆಸರಿಗಿಂತ ಅವರ ನಪಾಸೇ ಹೆಚ್ಚು ಧೈರ್ಯ ಕೊಟ್ಟೀತು. ಮೆಟ್ರಿಕ್ಯುಲೇಷನ್ನನ್ನೂ ದಾಟದ ಡಿ. ವಿ. ಗುಂಡಪ್ಪನವರಿಗೆ ಇದೇ ವಿಶ್ವವಿದ್ಯಾನಿಲಯ ೧೯೬೧ರಲ್ಲಿ ಗೌರವ ಡಿ.ಲಿಟ್. ಕೊಟ್ಟಿತು. ತನ್ನ ಹೆಬ್ಬಾಗಿಲಿನಿಂದ ಬಾರದ ವಿದ್ವತ್ತಿಗೂ ತಲೆಬಾಗುವ ವಿನಯ ಅಂದು ಅದಕ್ಕಿತ್ತು. ಆ ವಿನಯವನ್ನೇ ಹುಡುಗರಿಗೆ ಹೇಳಿಕೊಟ್ಟರೆ ಆಗದೆ?

ಇಷ್ಟೆಲ್ಲ ಕಟುವಾಗಿ ಏಕೆ ಬರೆಯುತ್ತೇನೆಂದರೆ, ಕೀರ್ತಿಯನ್ನು ಎಣಿಸುವ ಕಾಲದಲ್ಲೇ ನಾವು ಕೀರ್ತಿಯ ಬೇರನ್ನು ಒಣಗಿಸುತ್ತಿದ್ದೇವೆ. ನಮ್ಮ ಸರ್ಕಾರಿ ಕಾಲೇಜುಗಳಲ್ಲೂ ವಿಶ್ವವಿದ್ಯಾನಿಲಯಗಳಲ್ಲೂ ಖಾಯಂ ಅಧ್ಯಾಪಕರ ಹುದ್ದೆಗಳು ಖಾಲಿ ಬಿದ್ದಿವೆ. ಪಾಠ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. ಅತಿಥಿ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಅಪಮಾನವಿಲ್ಲ. ನಮ್ಮಲ್ಲಿ ಅತಿಥಿಗೆ ಮೊದಲು ಊಟ. ಇವರಿಗೆ ಸಂಬಳ ಯಾವಾಗಲೂ ಕೊನೆಗೆ. ಬರುವ ವರ್ಷ ಕೆಲಸವಿದೆಯೋ ಇಲ್ಲವೋ ಎಂದು ತಿಳಿಯದ ಉಪನ್ಯಾಸಕ ಯಾವ ಶಿಷ್ಯನನ್ನು ಹತ್ತು ವರ್ಷ ಬೆಳೆಸಿಯಾನು? ಈ ಸ್ಥಿತಿಯಲ್ಲಿ ಇನ್ನೊಬ್ಬ ವೆಂಕಣ್ಣಯ್ಯನವರು ಬಂದರೂ ಅವರನ್ನು ಮಾರ್ಚಿ ತಿಂಗಳಲ್ಲಿ ಮನೆಗೆ ಕಳುಹಿಸಿಬಿಡುತ್ತೇವೆ.

ಹೋದ ವರ್ಷ ನಾನೊಂದು ಕಾಲೇಜಿಗೆ ಭಾಷಣಕ್ಕೆ ಹೋಗಿದ್ದೆ. ಹೆಬ್ಬಾಗಿಲಲ್ಲಿ ಹಳೆಯ ವಿದ್ಯಾರ್ಥಿಗಳ ಭಾವಚಿತ್ರಗಳಿಗೆ ಹೊಸ ಹಾರ ಹಾಕಿದ್ದರು. ಸಭೆ ಮುಗಿದ ಮೇಲೆ ವಾಚನಾಲಯ ನೋಡುತ್ತೇನೆಂದೆ. ಬೀಗ ಹಾಕಿತ್ತು. ಪುಸ್ತಕಪಾಲರು ನಿವೃತ್ತರಾಗಿ ಬಹಳ ಕಾಲವಾಯಿತು, ಬೇರೆಯವರು ಬಂದಿಲ್ಲ ಎಂದರು. ಕಿಟಕಿಯಿಂದ ಇಣುಕಿದರೆ ಕಪಾಟುಗಳ ಮೇಲೆ ಧೂಳು. ಒಬ್ಬ ಹುಡುಗಿ ಹಿಂದೆಯೇ ಬಂದು, "ಸಾರ್, ತಾವು ಹೇಳಿದರೆ ತೆಗೀತಾರೇನೋ, ಸ್ವಲ್ಪ ಹೇಳಿ," ಎಂದಳು. ಹೇಳಿದೆ. ತೆಗೆದಿದ್ದಾರೆಯೋ ಇಲ್ಲವೋ ತಿಳಿಯದು. ಆ ಹುಡುಗಿ ನಾಳೆ ದೊಡ್ಡವಳಾದರೆ ಅವಳ ಹೆಸರನ್ನೂ ಕೆತ್ತಿ ವಂತಿಗೆ ಎತ್ತಲು ನಾವು ತಯಾರಾಗಿದ್ದೇವೆ; ಇಂದು ಅವಳಿಗೆ ಬೀಗ ತೆಗೆದುಕೊಡಲು ತಯಾರಿಲ್ಲ.

ಕಲ್ಲು ಬೇಡವೆಂದು ನಾನು ಹೇಳುವುದಿಲ್ಲ. ಮೊದಲು ಮೇಷ್ಟರಿಗೆ ಖಾಯಂ ಕೆಲಸ ಕೊಡಿಸಲು ಹೋರಾಡಿ, ಹಾಸ್ಟೆಲಿನ ಊಟ ಸರಿಪಡಿಸಿ, ಪುಸ್ತಕದ ಧೂಳು ಕೊಡವಿಸಿ. ಆಮೇಲೆ ಕಲ್ಲು ನಿಲ್ಲಿಸಿದರೆ ಅದಕ್ಕೊಂದು ಅರ್ಥವಿರುತ್ತದೆ.

ಮಹನೀಯರು ಮತ್ತೊಮ್ಮೆ ನಮ್ಮ ಮನೆಗೆ ದಯಮಾಡಿಸಲಿ. ಕಾಫಿ ಎಂದಿನಂತೆ ಸಿದ್ಧವಾಗಿರುತ್ತದೆ. ಆ ವಾಚನಾಲಯದ ಬೀಗ ತೆಗೆಸಿದೆವೆಂಬ ಸುದ್ದಿ ತಂದರೆ ವಂತಿಗೆಯೂ ಸಿದ್ಧವಾಗಿರುತ್ತದೆ.